ಎಡಗೈಗೊಂದು, ಬಲಗೈಗೊಂದು

ಫೋನ್ ಬಂದಾಗ ನಾನು ಬೇರಿಕೆಯಿಂದ ಹೊಸೂರಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಿಂತಿದ್ದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಊಟದ ಡಬ್ಬಿಯ ಚೀಲ. ಗೊತ್ತಿಲ್ಲದ ನಂಬರು. ಯಾರೋ ತಮಿಳಿನಲ್ಲಿ, ತಾವು ಡ್ರಮ್ ಸ್ಟಿಕ್ ತಯಾರಿಸುವ ಕಂಪನಿಯವರು ಎಂದರು. ಸಾಲ ಬೇಕಾ, ಕಾರ್ಡ್ ಬೇಕಾ ಎಂದು ಕೇಳುವವರಿಗೆ ಹೇಳುವ ಹಾಗೆಯೇ "ವೇಂಡಾಂ ಸಾರ್", ಬೇಡ ಎಂದು ಫೋನ್ ಇಟ್ಟುಬಿಟ್ಟೆ. ಬಸ್ಸು ಮುಂದಿನ ಸ್ಟಾಪಿಗೆ ಬರುವ ಹೊತ್ತಿಗೆ ಅವರು ಹೇಳಿದ ಮಾತು ತಲೆಯೊಳಗೆ ಇಳಿಯಿತು. ಡ್ರಮ್ ಸ್ಟಿಕ್ ಕಂಪನಿ! ಚೀಲವನ್ನು ಸೀಟಿನಲ್ಲಿದ್ದ ಅಜ್ಜಿಯ ಮಡಿಲಿಗೆ ಹಾಕಿ, ಅದೇ ನಂಬರಿಗೆ ತಿರುಗಿ ಫೋನ್ ಮಾಡಿದೆ.

"ತಪ್ಪು ತಿಳ್ಕೋಬೇಡಿ ಸಾರ್, ಲೋನಿನವರು ಅಂದ್ಕೊಂಡೆ."

ಅವರು ನಕ್ಕರು. "ಎಲ್ಲರೂ ಹಾಗೇ ಅಂದುಕೊಳ್ಳೋದು ಮೇಡಂ. ಅಂಚೆಟ್ಟಿ ಸ್ಕೂಲ್ ಡೇ ವಿಡಿಯೋದಲ್ಲಿ ಡ್ರಮ್ಸ್ ಬಾರಿಸಿದ್ದು ನೀವೇ ತಾನೆ? ನಿಮ್ಮ ಕೈಯಲ್ಲಿರೋದು ನಮ್ಮ ಸ್ಟಿಕ್. ಸ್ನೇರ್ ಡ್ರಮ್‌ನಿಂದ ಅಂಥ ಸದ್ದು ಬರುತ್ತೆ ಅಂತ ನಮಗೇ ಗೊತ್ತಿರಲಿಲ್ಲ!"

ಆ ವಿಡಿಯೋವನ್ನು ಯಾರೋ ಮೇಷ್ಟ್ರು ನನ್ನ ಬಲಗಡೆ ನಿಂತು ತೆಗೆದಿದ್ದರು. ಅದರಲ್ಲಿ ಕಾಣುವುದು ಬಲಗೈ ಮಾತ್ರ. ಬಲಗೈಯಲ್ಲಿದ್ದದ್ದು ಅವರ ಸ್ಟಿಕ್ಕೇ, ನಿಜ. ಆದರೆ ಅವರು ಹುಡುಕಿಕೊಂಡು ಬಂದ ಸದ್ದು ಹುಟ್ಟುತ್ತಿದ್ದುದು ಎಡಗೈಯಲ್ಲಿ. ಅಲ್ಲಿದ್ದದ್ದು ಅಪ್ಪ ಸೀಳಿಕೊಟ್ಟ ಬಿದಿರು ಕಡ್ಡಿ. ಬಸ್ಸಿನ ಗದ್ದಲದಲ್ಲಿ ಇದನ್ನೆಲ್ಲ ಹೇಗೆ ಬಿಡಿಸಿ ಹೇಳುವುದು? "ನೀವೇ ಬಂದು ನೋಡಿ ಸಾರ್" ಎಂದೆ. "ಖಂಡಿತ ಬರ್ತೀನಿ" ಎಂದರು. ಹೊಸೂರು ಬಂದರೂ ನಾನು ಇಳಿಯುವುದನ್ನು ಮರೆತು ನಿಂತಿದ್ದೆ. ಅಜ್ಜಿಯೇ ಚೀಲ ಕೈಗೆ ಕೊಟ್ಟು, "ಒಳ್ಳೆ ಸುದ್ದಿ ಏನಮ್ಮ? ಮುಖ ನೋಡಿದ್ರೆ ಗೊತ್ತಾತೈತೆ" ಎಂದಳು.

ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವ ಕೆಲಸದಲ್ಲಿದ್ದೇನೆ. ರಜೆಯ ದಿನಗಳಲ್ಲಿ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಬಾರಿಸುತ್ತೇನೆ. ನಮ್ಮ ಕಡೆಯ ಆರ್ಕೆಸ್ಟ್ರಾ ಎಂದರೆ ಮೂರು ಭಾಷೆ ಬರಬೇಕು. ಮದುವೆಯಲ್ಲಿ ಹುಡುಗಿಯ ಕಡೆಯವರು ತೆಲುಗು ಹಾಡು ಕೇಳುತ್ತಾರೆ, ಹುಡುಗನ ಕಡೆಯವರು ಕನ್ನಡ ಹಾಡು ಕೇಳುತ್ತಾರೆ, ಹುಡುಗನ ಆಫೀಸಿನವರು ತಮಿಳು ಹಾಡಿಗೆ ಕುಣಿಯುತ್ತಾರೆ. ಕೊನೆಗೆ ಮೂವರೂ ಸೇರಿ ಕೇಳುವುದು ಒಂದನ್ನೇ: "ತಮಟೆ ಬೀಟ್ ಹಾಕಿ!"

ತಮಟೆ ನಮ್ಮ ಮನೆಯದು. ಅಪ್ಪ ಬಾರಿಸುತ್ತಾರೆ, ತಾತ ಬಾರಿಸುತ್ತಿದ್ದರು. ತಮಟೆಗೆ ಎರಡು ಕಡ್ಡಿ. ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕಡ್ಡಿ, ಎಡಗೈಯಲ್ಲಿ ಉದ್ದನೆಯ ತೆಳ್ಳನೆಯ ಬಿದಿರು ಸೀಳು. ದಪ್ಪದ್ದು ಪೆಟ್ಟು ಕೊಡುತ್ತದೆ, ತೆಳ್ಳನೆಯದು ಚರ್ಮದ ಮೇಲೆ ಚಟಪಟ ಎಂದು ಸಿಡಿಯುತ್ತದೆ. ಚಿಕ್ಕವಳಿದ್ದಾಗ ಅಡುಗೆಮನೆಯ ತಟ್ಟೆ ತಿರುಗಿಸಿ ನಾನೂ ಹಾಗೆಯೇ ಬಡಿಯುತ್ತಿದ್ದೆ. ಆಮೇಲೆ ಹೊಸೂರಿನಲ್ಲಿ ಡ್ರಮ್ಸ್ ಕ್ಲಾಸಿಗೆ ಸೇರಿದೆ. ಮೇಷ್ಟ್ರು ಮೊದಲ ದಿನವೇ ಹೇಳಿಕೊಟ್ಟದ್ದು, ಎರಡು ಸ್ಟಿಕ್ಕೂ ಒಂದೇ ತೂಕ, ಎರಡು ಕೈಗೂ ಒಂದೇ ಸದ್ದು ಎಂದು. ಅದನ್ನೇ ಕಲಿತೆ, ಚೆನ್ನಾಗಿಯೇ ಕಲಿತೆ.

ಎಲ್ಲ ತಲೆಕೆಳಗಾದದ್ದು ಅವಲಪಲ್ಲಿಯ ಒಂದು ಗೃಹಪ್ರವೇಶದಲ್ಲಿ. ಬೆಳಿಗ್ಗೆ ಬಾಗಿಲಲ್ಲಿ ತಮಟೆ ಬಾರಿಸಲು ಅಪ್ಪನ ತಂಡಕ್ಕೆ ಹೇಳಿದ್ದರು, ಮಧ್ಯಾಹ್ನ ಶಾಮಿಯಾನದಲ್ಲಿ ನಮ್ಮ ಆರ್ಕೆಸ್ಟ್ರಾ. ಅಪ್ಪ ತಮ್ಮ ಕೆಲಸ ಮುಗಿಸಿ ಗೇಟಿನ ಹತ್ತಿರ ನಿಂತು ನನ್ನನ್ನು ನೋಡುತ್ತಿದ್ದರು. ತಮಟೆಯವರ ಜಾಗ ಗೇಟಿನ ಆಚೆ, ಆರ್ಕೆಸ್ಟ್ರಾದವರ ಜಾಗ ವೇದಿಕೆಯ ಮೇಲೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಮಟೆ ಬೀಟ್ ನಡುವೆ ನನ್ನ ಎಡಗೈಯ ಸ್ಟಿಕ್ ಮುರಿದು ತುಂಡು ಹಾರಿಹೋಯಿತು. ಚೀಲದಲ್ಲಿ ಬೇರೆ ಇರಲಿಲ್ಲ. ಒಂದೇ ಕೈಯಲ್ಲಿ ಬಾರಿಸುತ್ತಿದ್ದೆ, ಜನ ಕುಣಿಯುತ್ತಲೇ ಇದ್ದರು. ಅಷ್ಟರಲ್ಲಿ ಅಪ್ಪ ಗೇಟು ದಾಟಿ, ಕುಣಿಯುವವರ ನಡುವೆ ನುಗ್ಗಿ, ವೇದಿಕೆ ಹತ್ತಿ, ತಮ್ಮ ಬಿದಿರು ಸೀಳನ್ನು ನನ್ನ ಎಡಗೈಗೆ ತುರುಕಿದರು. "ಹಿಡ್ಕೊ. ಕೈ ಸಡಿಲ ಬುಡು, ಅದೇ ಮಾತಾಡ್ತದೆ."

ಸ್ನೇರಿನ ಮೇಲೆ ಆ ಸೀಳು ಬಿದ್ದಾಗ ಬಂದ ಸದ್ದನ್ನು ಹೇಗೆ ಹೇಳಲಿ? ಕಾದ ಬಾಣಲೆಗೆ ಸಾಸಿವೆ ಬಿದ್ದ ಹಾಗೆ. ನಾವೆಲ್ಲ ಕೀಬೋರ್ಡ್ ಅಣ್ಣ ಎಂದು ಕರೆಯುವ ನಮ್ಮ ಆರ್ಕೆಸ್ಟ್ರಾದ ಯಜಮಾನ ಬೆರಳು ನಿಲ್ಲಿಸಿ ನನ್ನ ಕಡೆ ತಿರುಗಿದ. ಜನ ಇನ್ನೂ ಒಂದು, ಇನ್ನೂ ಒಂದು ಎಂದು ಬಿಡಲೇ ಇಲ್ಲ. ಮನೆಗೆ ಹೋಗುವಾಗ ಅಪ್ಪನನ್ನು ಕೇಳಿದೆ, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು. "ನಿಮ್ ಮೇಷ್ಟ್ರು ಎರ್ಡೂ ಒಂದೇ ಥರ ಇರ್ಬೇಕು ಅಂದ್ರಲ್ಲ. ನಾನ್ಯಾಕೆ ಅಡ್ಡ ಬರ್ಲಿ? ಆದ್ರೂ ಎರ್ಡು ಕೈನೂ ಒಂದೇ ಮಾತಾಡಂಗಿದ್ರೆ ದೇವ್ರು ಎರ್ಡು ಯಾಕ್ ಕೊಟ್ಟ?" ಎಂದರು.

ಅಂದಿನಿಂದ ನನ್ನ ಬಲಗೈಯಲ್ಲಿ ಸ್ಟಿಕ್, ಎಡಗೈಯಲ್ಲಿ ಬಿದಿರು.

ಕಂಪನಿಗಳ ಒಪ್ಪಂದದ ಹುಚ್ಚು ಹಿಡಿಸಿದವನು ಕೀಬೋರ್ಡ್ ಅಣ್ಣನೇ. ಬೆಂಗಳೂರಿನ ದೊಡ್ಡ ದೊಡ್ಡ ವಾದಕರ ಹಿಂದೆ ವಾದ್ಯದ ಕಂಪನಿಯ ಹೆಸರು ಬರೆದ ಬ್ಯಾನರ್ ಇರುತ್ತದಲ್ಲ, ಅದು ಎಂಡೋರ್ಸ್‌ಮೆಂಟ್, ಕಂಪನಿ ವಾದ್ಯ ಕೊಡುತ್ತದೆ, ವಾದಕರು ಅದರ ಹೆಸರು ಹರಡುತ್ತಾರೆ ಎಂದು ವಿವರಿಸಿದ್ದ. ನಾನು ಹಲವು ಕಂಪನಿಗಳಿಗೆ ಮೇಲ್ ಬರೆದೆ. ನಾನು ಹೆಣ್ಣು ಡ್ರಮ್ಮರ್, ಹಳ್ಳಿಯವಳು, ದಯವಿಟ್ಟು ವಾದ್ಯ ಕೊಟ್ಟು ಸಹಾಯ ಮಾಡಿ ಎಂದು. ಒಬ್ಬರೂ ಉತ್ತರ ಕೊಡಲಿಲ್ಲ. ಅಣ್ಣ ಒಂದು ದಿನ ಅದನ್ನು ಓದಿ ತಲೆ ಚಚ್ಚಿಕೊಂಡ.

"ಇದೇನಮ್ಮ, ಅರ್ಜಿ ಬರ್ದಂಗೆ ಬರ್ದಿದ್ದೀಯ! ಅವ್ರೇನು ಧರ್ಮಛತ್ರ ಇಟ್ಟವ್ರಾ? ನೀನು ಬಾರ್ಸೋದ್ನ ನೋಡಿ ನಾಕು ಜನ ಅವ್ರ ಸ್ಟಿಕ್ ಕೊಳ್ಳಂಗಿರ್ಬೇಕು. ಅವ್ರ ಸಾಮಾನು ನಿನ್ ಕೈಲಿ ಮೊದ್ಲಿಂದ್ಲೂ ಇರ್ಬೇಕು. ಕೇಳೋದಲ್ಲ ಕಣಮ್ಮ, ಕಾಣ್ಸೋದು."

ಆಮೇಲೆ ಮೇಲ್ ಬರೆಯುವುದನ್ನು ಬಿಟ್ಟೆ. ಅಂಚೆಟ್ಟಿಯ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದದ್ದು ಅದೇ ದಿನಗಳಲ್ಲಿ. ಜೀಪಿನಲ್ಲಿ ಜಾಗ ಸಾಲದೆ ಕಾಲಿನಲ್ಲಿ ಬಾರಿಸುವ ಕಿಕ್ ಡ್ರಮ್, ಸ್ನೇರ್, ಒಂದು ಸಿಂಬಲ್ ತಟ್ಟೆ ಮಾತ್ರ ಒಯ್ದಿದ್ದೆವು. ಇರುವುದು ಅಷ್ಟೇ ಎಂದಮೇಲೆ ಬಿದಿರಿಗೆ ಕೆಲಸ ಹೆಚ್ಚಾಯಿತು. ಮಕ್ಕಳೆಲ್ಲ ಮೈದಾನದ ಧೂಳೆಬ್ಬಿಸಿ ಕುಣಿದರು. ಅಲ್ಲಿಯ ಮೇಷ್ಟ್ರು ತೆಗೆದ ವಿಡಿಯೋ ಊರೂರು ಸುತ್ತಿ, ಹೇಗೋ ಆ ಕಂಪನಿಯವರ ಕಣ್ಣಿಗೆ ಬಿತ್ತು; ಶಾಲೆಯಲ್ಲಿ ವಿಚಾರಿಸಿ ನನ್ನ ನಂಬರು ಪಡೆದರು.

ಬರುತ್ತೇನೆಂದ ಕಂಪನಿಯವರು ಬೇರಿಕೆಯ ಹತ್ತಿರ ಒಂದು ಮಗುವಿನ ಕಿವಿ ಚುಚ್ಚುವ ಸಮಾರಂಭಕ್ಕೆ ನಿಜವಾಗಿಯೂ ಬಂದರು. ಮೂವತ್ತರ ಆಸುಪಾಸಿನವರು, ಮೊದಲು ತಾವೂ ಡ್ರಮ್ಸ್ ಬಾರಿಸುತ್ತಿದ್ದವರು. ಕಂಪನಿಯ ಪರವಾಗಿ ಕಲಾವಿದರನ್ನು ಹುಡುಕಿ ಒಪ್ಪಂದ ಮಾಡಿಕೊಳ್ಳುವುದೇ ಅವರ ಕೆಲಸ. ನೆಂಟರ ಹಾಗೆ ಊಟಕ್ಕೆ ಕೂತಿದ್ದರು. ತಮಟೆ ಬೀಟ್ ಶುರುವಾದಾಗ ಎಲೆಯ ಮುಂದಿನಿಂದ ಎದ್ದು, ಎಂಜಲು ಕೈಯಲ್ಲೇ ವೇದಿಕೆಯ ಎಡಗಡೆಗೆ ಬಂದು ನಿಂತರು. ನನ್ನ ಎಡಗೈಯನ್ನು ನೋಡಿದರು. ಬಾಯಿ ತೆರೆದರು. ಆಮೇಲೆ ಜೋರಾಗಿ ನಗತೊಡಗಿದರು. ನನ್ನ ಕೈ ಎಂದಿಗಿಂತ ಹಗುರವಾಗಿ ಓಡಿತು.

ಕಾರ್ಯಕ್ರಮ ಮುಗಿದ ಮೇಲೆ ಶಾಮಿಯಾನದ ಹಿಂದೆ ಕುರ್ಚಿ ಹಾಕಿಕೊಂಡು ಕೂತೆವು. ಅವರು, ನಾನು, ಕೀಬೋರ್ಡ್ ಅಣ್ಣ. ಅವರು ಬ್ಯಾಗಿನಿಂದ ಒಂದು ಜೊತೆ ಸ್ಟಿಕ್ ತೆಗೆದು ನನ್ನ ಕೈಗಿಟ್ಟರು. ಪ್ರತಿಯೊಂದನ್ನೂ ತೂಗಿ, ತಟ್ಟಿ ಸದ್ದು ಕೇಳಿ, ಒಂದಕ್ಕೊಂದು ಹೊಂದುವುದನ್ನೇ ಜೊತೆ ಮಾಡುತ್ತಾರಂತೆ. ಒಪ್ಪಂದ ಹೇಗಿರುತ್ತದೆ ಎಂದು ನಿಧಾನವಾಗಿ ವಿವರಿಸಿದರು. ಸಂಬಳ ಇರುವುದಿಲ್ಲ. ಹೊಸಬರಿಗೆ ಕಡಿಮೆ ಬೆಲೆಗೆ ಸ್ಟಿಕ್ ಸಿಗುತ್ತದೆ, ಕಂಪನಿಯ ಕಲಾವಿದರ ಪಟ್ಟಿಯಲ್ಲಿ ಫೋಟೋ ಬರುತ್ತದೆ, ತರಬೇತಿ ಶಿಬಿರಗಳಿಗೆ ಕರೆಯುತ್ತಾರೆ. ತುಂಬ ಹೆಸರು ಮಾಡಿದವರಿಗೆ ಅವರದೇ ಹೆಸರು ಅಚ್ಚೊತ್ತಿದ ಸ್ಟಿಕ್ ಮಾಡಿಕೊಡುತ್ತಾರೆ. ಒಂದು ವರ್ಷದ ಮಾತು, ಎರಡೂ ಕಡೆಯವರಿಗೆ ಒಪ್ಪಿಗೆಯಾದರೆ ಮುಂದುವರಿಸುವುದು.

"ಆದರೆ ಒಂದು ಷರತ್ತು ಇದೆ ಮೇಡಂ," ಎಂದರು. "ವೇದಿಕೆ ಮೇಲೆ ನಮ್ಮ ಸ್ಟಿಕ್ ಬಿಟ್ಟು ಬೇರೆ ಯಾವುದನ್ನೂ ಹಿಡಿಯೋ ಹಾಗಿಲ್ಲ."

ನಾನು ಬಿದಿರನ್ನು ನೋಡಿದೆ. ಅವರೂ ಅದನ್ನೇ ನೋಡಿದರು.

"ಹಾಗಾದ್ರೆ ಅರ್ಧ ಒಪ್ಪಂದ ಮಾಡ್ಕೊಳ್ಳಿ ಸಾರ್," ಎಂದೆ. "ನನ್ನ ಬಲಗೈ ನಿಮ್ದು. ಎಡಗೈ ಆಗಲ್ಲ."

ಕೀಬೋರ್ಡ್ ಅಣ್ಣ ನನ್ನ ಕಾಲು ತುಳಿದ. ಅವರು ಮತ್ತೆ ನಕ್ಕರು, ಆದರೆ ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದು ಎದ್ದುಹೋದರು. ಅವರ ಕಾರು ತಿರುಗಿ ಮರೆಯಾದದ್ದೇ ತಡ, ಅಣ್ಣ ಕಿಡಿಕಿಡಿಯಾದ.

"ಮನೆ ಬಾಗ್ಲಿಗೆ ಬಂದೋರ್ನ ಹಂಗೆ ಕಳ್ಸಿಬುಟ್ಟೆಯಲ್ಲಮ್ಮ! ಫೋಟೋದಾಗೆ ಅವ್ರ ಸ್ಟಿಕ್ ಹಿಡ್ಕೊ, ಇಲ್ಲಿ ಬಿದಿರು ಹಿಡ್ಕೊ. ಯಾರ್ ಬಂದು ನೋಡ್ತಾರೆ?"

"ಅವ್ರು ಬಂದಿದ್ದೇ ಬಿದಿರಿನ ಸದ್ದು ಕೇಳ್ಕೊಂಡು ಅಣ್ಣ. ಅದ್ನ ಮುಚ್ಚಿಟ್ಟು ಏನ್ ಮಾರೋಣ?"

ಅವನು ಗೊಣಗುತ್ತ ಕೀಬೋರ್ಡಿನ ವೈರು ಸುತ್ತತೊಡಗಿದ. ಹಾಗೆಂದು ನನಗೂ ಧೈರ್ಯವೇನೂ ಇರಲಿಲ್ಲ. ಆ ವಾರವೆಲ್ಲ ಕಾರ್ಖಾನೆಯಲ್ಲಿ ಫೋನು ಅಲುಗಿದರೆ ಸಾಕು, ಕೈಯಲ್ಲಿದ್ದ ಭಾಗವನ್ನು ಎಲ್ಲಿಟ್ಟೆ ಎಂದು ಮರೆಯುತ್ತಿದ್ದೆ. ಅವರ ಫೋನ್ ಬರಲಿಲ್ಲ. ಕಾದು ಕಾದು ಸಾಕಾಗಿ, ಊಟದ ಬಿಡುವಿನಲ್ಲಿ ನಾನೇ ಮಾಡಿದೆ. ಮಾತು ಹೇಗೆ ಶುರುಮಾಡುವುದು ಎಂದು ತಿಳಿಯದೆ, ತಲೆಯಲ್ಲಿ ಇದ್ದದ್ದನ್ನು ಒಂದೇ ಉಸಿರಿಗೆ ಹೇಳಿದೆ.

"ಸಾರ್, ಬಿದಿರು ನಿಮ್ಮದಲ್ಲ ಅನ್ನೋದು ತಾನೆ ತೊಂದರೆ? ನೀವೇ ಬಿದಿರು ಕಡ್ಡಿ ಮಾಡಿ. ಆಗ ಎಡಗೈನೂ ನಿಮ್ದೇ."

ಆ ಕಡೆ ಅವರು ಬೆರಳಿನಿಂದ ಮೇಜು ತಟ್ಟುವುದು ಕೇಳಿಸಿತು. ಆಮೇಲೆ ಅವರ ದನಿ ಬಂತು. "ನಿಮ್ಮ ತಂದೆಯವರನ್ನ ಕರ್ಕೊಂಡು ನಮ್ಮ ಫ್ಯಾಕ್ಟರಿಗೆ ಬರ್ತೀರಾ?"

ಊಟದ ಕೋಣೆಯಲ್ಲಿ ಎಲ್ಲರೆದುರು ನಾನು ಕುಪ್ಪಳಿಸಿದೆ. ಸಾಂಬಾರು ಬಡಿಸುತ್ತಿದ್ದ ಅಕ್ಕ "ಯಾರ್ಗಮ್ಮ ಮದ್ವೆ?" ಎಂದಳು.

ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಗೋಣಿಚೀಲದಲ್ಲಿ ಬಿದಿರು ಸುತ್ತಿಕೊಂಡು ಹೊರಟರು. ಅಮ್ಮ ಚಪಾತಿ ಕಟ್ಟಿಕೊಟ್ಟಳು. ಫ್ಯಾಕ್ಟರಿ ದೊಡ್ಡದೇನಲ್ಲ. ಒಳಗೆ ಕಾಲಿಟ್ಟ ಕೂಡಲೇ ಹಸಿ ಮರದ ಹೊಟ್ಟಿನ ವಾಸನೆ. ಲೇತಿನಲ್ಲಿ ತಿರುಗುವ ಮರದ ತುಂಡು ನೋಡುತ್ತಿದ್ದಂತೆಯೇ ಸ್ಟಿಕ್ ಆಗುತ್ತಿತ್ತು. ಒಬ್ಬ ಹೆಂಗಸು ಪ್ರತಿ ಸ್ಟಿಕ್ಕನ್ನೂ ಕಲ್ಲಿನ ಮೇಲೆ ಉರುಳಿಸಿ ಸೊಟ್ಟ ಇದೆಯೇ ನೋಡುತ್ತಿದ್ದಳು. ನನ್ನ ಕೆಲಸವೂ ಅದೇ ಅಲ್ಲವೇ, ಅಳತೆ ನೋಡುವುದು! ಅವಳ ಪಕ್ಕದಲ್ಲಿ ನಿಂತು ಮಾತಿಗಿಳಿದುಬಿಟ್ಟೆ. ಅಪ್ಪ ಮಾತ್ರ ಬಾಗಿಲಲ್ಲೇ ಚಪ್ಪಲಿ ಬಿಟ್ಟು ನಿಂತಿದ್ದರು. ಕಂಪನಿಯವರು ಅವರ ಕೈ ಹಿಡಿದು ಒಳಗೆ ಕರೆತಂದರು.

ಮೊದಲು ಅಲ್ಲಿಯವರು ಮರದಲ್ಲೇ ತೆಳ್ಳಗೆ ಒಂದು ಕಡ್ಡಿ ತೀಡಿದರು. ಸ್ನೇರಿಗೆ ಹೊಡೆದೆ, ಮುರಿಯಿತು. ಅಪ್ಪ ತಮ್ಮ ಬಿದಿರು ಬಿಚ್ಚಿ, ಹೊರಮೈ ಉಳಿಯುವ ಹಾಗೆ ಸೀಳಿ, ಬೆಂಕಿಯ ಶಾಖಕ್ಕೆ ಹಿಡಿದು ನೇರ ಮಾಡಿ ತೋರಿಸಿದರು. ಸದ್ದು ಬಂತು. ಆದರೆ ನನಗೆ ಯಾವಾಗಲೂ ಇದ್ದ ತೊಂದರೆ ಒಂದಿತ್ತು. ಬೆವರಿದ ಕೈಯಿಂದ ಸೀಳು ಜಾರುತ್ತಿತ್ತು, ಹಿಡಿಯ ಅಂಚು ಅಂಗೈಯನ್ನು ಕೊರೆಯುತ್ತಿತ್ತು. ಅಪ್ಪನ ಅಂಗೈ ಒರಟಾಗಿದೆ, ಬಟ್ಟೆ ಸುತ್ತಿಕೊಂಡರೆ ಅವರಿಗೆ ಸಾಕು, ನನಗೆ ಸಾಲದು. ಅದನ್ನು ಹೇಳಿದ ಕೂಡಲೇ ಲೇತಿನವನು ಒಂದು ಉಪಾಯ ಮಾಡಿದ. ಮರದ ಹಿಡಿ ತೀಡಿ, ಅದರ ಬಾಯಿಗೆ ಬಿದಿರನ್ನು ಕೂರಿಸಿ ಅಂಟಿಸಿದ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದು ನಂಗ್ಯಾಕೆ ಹೊಳೀಲಿಲ್ಲ ತಂಬಿ! ಇಷ್ಟ್ ವರ್ಸ ಬಟ್ಟೆ ಸುತ್ಕೊಂಡೇ ಬಾರ್ಸಿದ್ನಲ್ಲ!"

"ನಮಗೆ ಬಿದಿರು ಹೊಳೀಲಿಲ್ಲವಲ್ಲ ಅಯ್ಯಾ," ಎಂದರು ಕಂಪನಿಯವರು. "ಇಬ್ಬರಿಗೂ ಸರಿಹೋಯ್ತು."

ಅವತ್ತು ಸಂಜೆಯೊಳಗೆ ಸರಿಯಾದದ್ದು ಸಿಕ್ಕಲಿಲ್ಲ. ಮುಂದಿನ ತಿಂಗಳುಗಳಲ್ಲಿ ಪಾರ್ಸಲ್ ಬರುವುದು, ನಾನು ಬಾರಿಸಿ ನೋಡುವುದು, ಅಪ್ಪ ಬಗ್ಗಿಸಿ ನೋಡುವುದು, ಇಲ್ಲಿ ಸೀಳು ಬಿಡುತ್ತಿದೆ, ಇಲ್ಲಿ ಭಾರ ಹೆಚ್ಚು ಎಂದು ಹೇಳಿ ಕಳಿಸುವುದು, ಇದೇ ನಡೆಯಿತು. ಒಂದು ದಿನ ಬಂದ ಪಾರ್ಸಲನ್ನು ಬಿಚ್ಚಿ ಮನೆಯ ಜಗುಲಿಯಲ್ಲಿ ಸ್ನೇರ್ ಇಟ್ಟು ಬಾರಿಸುತ್ತಿದ್ದಾಗ ಅಪ್ಪ ಒಳಗಿಂದ ಬಂದರು. ತಮಟೆ ತಂದು ಪಕ್ಕದಲ್ಲಿ ಕೂತು ಜೊತೆಗೆ ಬಾರಿಸತೊಡಗಿದರು. ಅದೇ ಒಪ್ಪಿಗೆ ಎಂದು ತಿಳಿದು ಕಂಪನಿಗೆ ಫೋನ್ ಮಾಡಿದೆ.

ಈಗ ಹೆಸರು ಅಚ್ಚೊತ್ತುವ ಮಾತು ಬಂತು. ನಾನು ಅಂಥ ಹೆಸರು ಮಾಡಿದವಳಲ್ಲ. ಆದರೆ ಇಂಥ ಜೊತೆಯನ್ನು ಅವರು ಬೇರೆ ಯಾರ ಹೆಸರಲ್ಲಿ ಮಾರಿಯಾರು? ಎರಡರ ಮೇಲೂ ನನ್ನ ಸಹಿ ಹಾಕುತ್ತೇವೆ ಎಂದರು. ದಪ್ಪನೆಯದರ ಮೇಲೆ ನನ್ನದಿರಲಿ, ತೆಳ್ಳನೆಯದರ ಮೇಲೆ ಅಪ್ಪನದು ಎಂದೆ. ಅವರು ತಕ್ಷಣ ಒಪ್ಪಿದರು. ಅಪ್ಪ ಒಪ್ಪಬೇಕಲ್ಲ!

"ಕಡ್ಡಿ ಮ್ಯಾಲೆ ನನ್ ಹೆಸ್ರು ಯಾಕಮ್ಮ? ನಾನ್ ಸೈನ್ ಹಾಕೋದು ಕನ್ನಡದಾಗೆ. ಇಂಗ್ಲೀಸು ಬರಲ್ಲ."

"ಕನ್ನಡದಲ್ಲೇ ಹಾಕು ಅಪ್ಪ."

"ಮದ್ರಾಸಿನೋರು ಹೆಂಗ್ ಓದ್ತಾರೆ?"

"ಓದೋದು ಬ್ಯಾಡ, ಬಾರ್ಸಿದ್ರೆ ಸಾಕು," ಎಂದಳು ಅಮ್ಮ ಒಳಗಿನಿಂದ.

ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಪ್ಪ ಬರೆದು ಬರೆದು ನೋಡಿ, ಒಂದನ್ನು ಆರಿಸಿ ಕೊಟ್ಟರು. ಕೊನೆಯ ಅಕ್ಷರದ ಬಾಲ ಸ್ವಲ್ಪ ಮೇಲಕ್ಕೆ ಹೋಗಿದೆ. ಅಚ್ಚಿನಲ್ಲೂ ಹಾಗೆಯೇ ಬಂದಿದೆ.

ಮೊದಲ ಕಟ್ಟು ಅಂಗಡಿಗಳಿಗೆ ಹೋದಾಗ ಒಂದು ತಮಾಷೆ ನಡೆಯಿತು. ಯಾವುದೋ ಊರಿನ ವಾದ್ಯದ ಅಂಗಡಿಯವರು ಅಷ್ಟೂ ಪ್ಯಾಕೆಟನ್ನು ವಾಪಸ್ ಕಳಿಸಿದರಂತೆ. ಎರಡು ಸ್ಟಿಕ್ ಒಂದಕ್ಕೊಂದು ಹೊಂದುತ್ತಿಲ್ಲ, ಪ್ಯಾಕ್ ಮಾಡುವವರು ಕಣ್ಣು ಮುಚ್ಚಿಕೊಂಡಿದ್ದರಾ ಎಂದು ಬೈದು ಚೀಟಿಯನ್ನೂ ಇಟ್ಟಿದ್ದರಂತೆ. ಕಂಪನಿಯವರು ಅದನ್ನು ಫೋನಿನಲ್ಲಿ ಹೇಳಲಾರದಷ್ಟು ನಗುತ್ತಿದ್ದರು. ಕೀಬೋರ್ಡ್ ಅಣ್ಣ ಮಾತ್ರ ನಗಲಿಲ್ಲ. "ವಾಪಸ್ ಬಂತಾ? ನಾನ್ ಹೇಳ್ಲಿಲ್ವಾ?" ಎಂದು ಗಾಬರಿಯಾದ. ಆಮೇಲೆ ಕಂಪನಿಯವರು ಪ್ಯಾಕೆಟ್ಟಿನ ಮೇಲೆ ದೊಡ್ಡದಾಗಿ ಎಡಗೈ, ಬಲಗೈ ಚಿತ್ರ ಹಾಕಿಸಿದರು. ಅದು ನಿಧಾನವಾಗಿ ಮಾರಾಟವಾಗುತ್ತಿದೆ. ಎಡಚರಾದ ಡ್ರಮ್ಮರುಗಳು ನಮಗೂ ಇದನ್ನು ತಿರುಗಿಸಿ ಮಾಡಿಕೊಡಿ ಎಂದು ಬರೆದಿದ್ದಾರಂತೆ. ನಮ್ಮ ಒಪ್ಪಂದ ಎರಡನೆಯ ವರ್ಷಕ್ಕೂ ಮುಂದುವರಿಯಿತು. ಅದರಲ್ಲಿ ಈಗ ಅಪ್ಪನ ಸಹಿಗೂ ಒಂದು ಗೆರೆ ಇದೆ.

ಕಳೆದ ಚಳಿಗಾಲದಲ್ಲಿ ಕಂಪನಿ ಕೃಷ್ಣಗಿರಿಯ ಒಂದು ಕಾಲೇಜಿನಲ್ಲಿ ಅಪ್ಪನದೂ ನನ್ನದೂ ತರಬೇತಿ ಶಿಬಿರ ಇಟ್ಟಿತು. ವೇದಿಕೆಯ ಮೇಲೆ ಎರಡು ಕುರ್ಚಿ, ಹಿಂದೆ ಬ್ಯಾನರ್, ಅದರಲ್ಲಿ ನಮ್ಮಿಬ್ಬರ ಫೋಟೋ. ಸಭಾಂಗಣ ತುಂಬಿ ಬಾಗಿಲಲ್ಲೂ ಹುಡುಗ ಹುಡುಗಿಯರು. ನಾನು ಡ್ರಮ್ಸ್ ಬಾರಿಸಿ ತೋರಿಸಿದೆ, ತಮಿಳಿನಲ್ಲಿ ವಿವರಿಸಿದೆ, ಚಪ್ಪಾಳೆ ಬಂತು. ಒಬ್ಬ ಹುಡುಗಿ ಎದ್ದು, ಅಯ್ಯಾ ತಮಟೆಯಲ್ಲಿ ಬಾರಿಸಿ ತೋರಿಸಬೇಕು ಎಂದಳು. ಅಪ್ಪ ತಮಟೆಯನ್ನು ಎತ್ತಿ ಬೆರಳಿನಿಂದ ತಟ್ಟಿ ಕೇಳಿದರು. ಮುಖ ಹುಳ್ಳಗೆ ಮಾಡಿದರು.

"ಚರ್ಮ ತಣ್ಣಗಾಗಿ ಸಡ್ಲ ಬಿದ್ದೋಗೈತೆ. ಬೆಂಕಿ ಕಾಸ್ಬೇಕು. ಇಲ್ಲಿ ಹೆಂಗ್ ಆಯ್ತದೆ? ಬುಡಮ್ಮ."

ನಾನು ಅದನ್ನು ಮೈಕಿನಲ್ಲಿ ತಮಿಳಿನಲ್ಲಿ ಹೇಳಿದ್ದೇ ತಡ, ಹಿಂದಿನ ಸಾಲಿನವರು ಎದ್ದು ಹೊರಗೆ ಓಡಿದರು. ಅವರ ಹಿಂದೆ ಮುಂದಿನ ಸಾಲು. ಕಿಟಕಿಯಿಂದ ನೋಡಿದರೆ ಮೈದಾನದಲ್ಲಿ ಒಣಗಿದ ಎಲೆ ಗುಡ್ಡೆ ಹಾಕುತ್ತಿದ್ದಾರೆ, ಯಾರೋ ಕ್ಯಾಂಟೀನಿನಿಂದ ಹುಲ್ಲು ತುಂಬಿದ ರಟ್ಟಿನ ಪೆಟ್ಟಿಗೆ ತರುತ್ತಿದ್ದಾರೆ, ಪ್ರಿನ್ಸಿಪಾಲರು ಮರದ ಕೆಳಗೆ ಬೇಡ, ಆ ಕಡೆ ಹಾಕಿ ಎಂದು ಕೂಗುತ್ತಿದ್ದಾರೆ. ಕಂಪನಿಯವರು ಫೋನು ಹಿಡಿದು ವಿಡಿಯೋ ಮಾಡುತ್ತ ಹಿಮ್ಮುಖವಾಗಿ ಮೆಟ್ಟಿಲು ಇಳಿದರು, ಬೀಳುವುದೊಂದು ಬಾಕಿ. ಅಪ್ಪ ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಮಟೆಯನ್ನು ಜ್ವಾಲೆಯ ಹತ್ತಿರ ತಿರುಗಿಸುತ್ತ, ನಡುನಡುವೆ ತಟ್ಟಿ ಕಿವಿಗೊಟ್ಟು ಕೇಳಿದರು. ಸುತ್ತ ನಿಂತಿದ್ದ ಅಷ್ಟೂ ಜನ ಅವರ ಜೊತೆ ಕಿವಿಗೊಟ್ಟರು. ಆಮೇಲೆ ಅಪ್ಪ ಎದ್ದು, ತಮಟೆಯನ್ನು ಹೆಗಲಿಗೇರಿಸಿ, ಹೊಸ ಕಡ್ಡಿಗಳನ್ನು ಎರಡು ಕೈಗೂ ತೆಗೆದುಕೊಂಡು, ನನ್ನ ಕಡೆ ನೋಡಿ ಕೇಳಿದರು:

"ಜೋರಾಗಿ ಬಾರ್ಸ್ಲಾ, ಕಾಲೇಜು ಅಂತ ಮೆಲ್ಲಗೆ ಬಾರ್ಸ್ಲಾ?"

"ಜೋರಾಗಪ್ಪಾ!" ಎಂದು ನಾನು ಕೂಗಿದೆ.